ಕಲ್ಲಿಗೆ ತಾನು ಕಲ್ಲು ಎಂಬ ಚಿಂತೆ ಇರುತ್ತದೆಯೇ?

ಪ್ರಶ್ನೆ: ನನಗೆ 42 ವರ್ಷ. ದೀಕ್ಷಾಸ್ನಾನವಾಗಿ 19 ವರ್ಷ ಆಯಿತು. ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ, ಮನೆಯಲ್ಲಿ ಸಂಜೆ ಪ್ರಾರ್ಥನೆಯನ್ನು ನಾನೇ ನಡೆಸುತ್ತೇನೆ. ಆದರೆ ಎರಡು ವರ್ಷದಿಂದ ಒಳಗೆ ಏನೂ ಇಲ್ಲ. ಮೊದಲು ಹಾಡುವಾಗ ಕಣ್ಣಲ್ಲಿ ನೀರು ಬರುತ್ತಿತ್ತು, ಈಗ ಬಾಯಿ ಮಾತ್ರ ಹಾಡುತ್ತದೆ. ಸತ್ಯವೇದ ತೆರೆದರೆ ಅಕ್ಷರ ಕಾಣುತ್ತದೆ, ಅಷ್ಟೇ. ‘ಕಲ್ಲಿನ ಹೃದಯ’ದ ಬಗ್ಗೆ ಒಂದು ಪ್ರಸಂಗ ಕೇಳಿದ ಮೇಲೆ ಅದು ನನ್ನದೇ ಎಂಬ ಹೆದರಿಕೆ ಹತ್ತಿದೆ. ಉಪವಾಸ ಮಾಡಿ ನೋಡಿದೆ. ಹೊಸ ವರ್ಷಕ್ಕೆ ತೀರ್ಮಾನ ಮಾಡಿ ನೋಡಿದೆ, ವಾರ ಉಳಿಯಲಿಲ್ಲ. ಹೃದಯ ಹೊಸದಾಗುವುದು ದೇವರ ಕೆಲಸವೋ ನನ್ನ ಕೆಲಸವೋ? ನಾನು ರಕ್ಷಣೆಯನ್ನೇ ಕಳೆದುಕೊಂಡಿದ್ದೇನೆಯೇ? ಇನ್ನೊಂದು ಮಾತು, ಇದಕ್ಕೆ ಸಂಬಂಧವಿಲ್ಲ: ಅಣ್ಣನೊಂದಿಗೆ ಮಾತು ಬಿಟ್ಟು ಆರು ವರ್ಷವಾಯಿತು, ಆಸ್ತಿಯ ವಿಷಯ. ಅದಕ್ಕೂ ಪ್ರಾರ್ಥಿಸಿ.

ಉತ್ತರ: ಮೊದಲು ಹೆದರಿಕೆಯನ್ನು ಇಳಿಸಿಬಿಡೋಣ. ಅದು ತಲೆಯ ಮೇಲೆ ಕೂತಿರುವಷ್ಟು ಹೊತ್ತು ಬೇರೆ ಯಾವ ಮಾತೂ ಕಿವಿಗೆ ಇಳಿಯುವುದಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ಒಣಗಿದ ಹೃದಯ, ಕಲ್ಲಾದ ಹೃದಯವಲ್ಲ. ಎರಡೂ ಒಂದೇ ಎಂದು ಪ್ರಸಂಗಪೀಠದಿಂದ ಹೇಳಿಬಿಡುವುದು ಸುಲಭ, ನಾನೂ ಹೇಳಿದವನೇ. ಆದರೆ ಆ ಮಾತು ಬಂದಿರುವ ಪುಸ್ತಕವನ್ನೇ ಬಿಚ್ಚಿ ಹಿಂದೆ ಮುಂದೆ ಓದಿದರೆ ಲೆಕ್ಕ ತಿರುವುಮುರುವಾಗುತ್ತದೆ.

‘ಕಲ್ಲಿನ ಹೃದಯವನ್ನು ತೆಗೆದು ಮಾಂಸದ ಹೃದಯವನ್ನು ಕೊಡುವೆನು’ ಎಂಬುದು ಪ್ರವಾದಿ ಯೆಹೆಜ್ಕೇಲನ ಪುಸ್ತಕದ 36ನೇ ಅಧ್ಯಾಯದ ಮಾತು. ಕ್ರಿ.ಪೂ. 597ರಲ್ಲಿ ಬಾಬಿಲೋನಿಗೆ ಸೆರೆಹೋದ ಜನರ ನಡುವೆ, ಕೆಬಾರ್ ಎಂಬ ನದಿಯ ದಡದಲ್ಲಿ ಬದುಕಿದ ಯಾಜಕ ಈತ. ಹತ್ತು ಹನ್ನೊಂದು ವರ್ಷ ಕಳೆದ ಮೇಲೆ ಯೆರೂಸಲೇಮ್ ಬಿತ್ತು ಎಂಬ ಸುದ್ದಿಯನ್ನು ತಪ್ಪಿಸಿಕೊಂಡು ಬಂದ ಒಬ್ಬ ಮುಟ್ಟಿಸುತ್ತಾನೆ. ಆ ಸುದ್ದಿ ಬಂದ 33ನೇ ಅಧ್ಯಾಯದ ಕೊನೆಗೆ ಒಂದು ದೃಶ್ಯವಿದೆ. ಜನ ಗೋಡೆಗಳ ಮಗ್ಗುಲಲ್ಲಿ, ಮನೆಬಾಗಿಲುಗಳಲ್ಲಿ ನಿಂತು ‘ಬನ್ನಿ, ದೇವರ ಮಾತು ಏನು ಬಂತೋ ಕೇಳೋಣ’ ಎಂದು ಒಬ್ಬರನ್ನೊಬ್ಬರು ಕರೆಯುತ್ತಾರೆ. ಬಂದು ಪ್ರವಾದಿಯ ಮುಂದೆ ಕೂರುತ್ತಾರೆ. ಆಗ ದೇವರು ಯೆಹೆಜ್ಕೇಲನಿಗೆ ಹೇಳುವ ಮಾತಿನ ಸಾರ ಇದು: ಅವರ ಪಾಲಿಗೆ ನೀನು ಇಂಪಾಗಿ ಪ್ರೇಮಗೀತೆ ಹಾಡುವವನು, ವಾದ್ಯವನ್ನು ಸೊಗಸಾಗಿ ನುಡಿಸುವವನು. ಕೇಳುತ್ತಾರೆ, ಆದರೆ ಕೇಳಿದ್ದನ್ನು ಮಾಡುವುದಿಲ್ಲ. ಬಾಯಲ್ಲಿ ಪ್ರೀತಿ, ಹೃದಯ ಮಾತ್ರ ಲಾಭದ ಹಿಂದೆ.

ಅಂದರೆ ಹೃದಯ ಕಲ್ಲಾದವರಿಗೆ ದೇವರ ಮಾತು ಬೇಸರ ತರುತ್ತಿರಲಿಲ್ಲ. ಹಿತವಾಗಿತ್ತು. ಚಪ್ಪಾಳೆಯೊಂದು ಬಾಕಿ. ಇನ್ನು ‘ನಮ್ಮ ಎಲುಬುಗಳು ಒಣಗಿಹೋದವು, ನಿರೀಕ್ಷೆ ಹಾಳಾಯಿತು’ ಎಂಬ ಗೋಳು ಬರುವುದು 37ನೇ ಅಧ್ಯಾಯದಲ್ಲಿ. ಜೀವಶ್ವಾಸ ಬಂದದ್ದು ಆ ಗೋಳಿಟ್ಟವರ ಎಲುಬುಗಳಿಗೆ. ಜನ ಅವರೇ ಇರಬಹುದು. ಆದರೆ ಸಂಗೀತ ಸವಿಯುವ ಸ್ಥಿತಿಯಿಂದ ‘ಒಣಗಿದ್ದೇವೆ’ ಎಂದು ಬಾಯಿಬಿಡುವ ಸ್ಥಿತಿಗೆ ಬಂದಿದ್ದರು. ನಿಮ್ಮ ಪತ್ರ ಇದರಲ್ಲಿ ಯಾವುದಕ್ಕೆ ಹತ್ತಿರ ಎಂದು ನಾನು ಬೇರೆ ಹೇಳಬೇಕಿಲ್ಲ.

36ನೇ ಅಧ್ಯಾಯದಲ್ಲೇ ಅವಸರದ ಓದಿಗೆ ತಪ್ಪಿಹೋಗುವ ಇನ್ನೊಂದು ಸಂಗತಿಯಿದೆ. ಹೊಸ ಹೃದಯದ ಮಾತು 26ನೇ ವಚನದಲ್ಲಿ. ‘ಆಗ ನಿಮ್ಮ ಕೆಟ್ಟ ನಡತೆಯನ್ನು ನೆನೆದು ನಿಮಗೆ ನಿಮ್ಮ ಮೇಲೆಯೇ ಹೇಸಿಗೆಯಾಗುವುದು’ ಎಂಬುದು 31ರಲ್ಲಿ. ಹೃದಯ ಮೊದಲು, ನಾಚಿಕೆ ಆಮೇಲೆ. ನಾವು ಸಾಮಾನ್ಯವಾಗಿ ಉಲ್ಟಾ ಕಲಿಸುತ್ತೇವೆ: ಸಾಕಷ್ಟು ನಾಚಿಕೆಪಟ್ಟರೆ ಹೊಸ ಹೃದಯ ಸಿಗುತ್ತದೆ ಎಂದು. ನೋಯುವ ಶಕ್ತಿ ಇರುವುದು ಮಾಂಸಕ್ಕೆ, ಕಲ್ಲಿಗಲ್ಲ. ಆದ್ದರಿಂದ ರಕ್ಷಣೆ ಕಳೆದುಹೋಯಿತೇ ಎಂದು ಹೆದರುವ ಹೃದಯವನ್ನು ನೋಡಿ ನಾನು ಹೆದರುವುದಿಲ್ಲ. ಹಾಯಾಗಿರುವ ಹೃದಯವನ್ನು ನೋಡಿದರೆ ಕೆಲವೊಮ್ಮೆ ಹೆದರುತ್ತೇನೆ.

ಈಗ ‘ಹೃದಯ’ ಎಂಬ ಪದಕ್ಕೆ ಬರೋಣ, ಗೊಂದಲದ ಅರ್ಧ ಅಲ್ಲೇ ಇದೆ. ಇವತ್ತಿನ ನಮ್ಮ ಮಾತಿನಲ್ಲಿ ಹೃದಯ ಎಂದರೆ ಭಾವನೆ, ತಲೆ ಎಂದರೆ ಬುದ್ಧಿ. ಹಳೆ ಒಡಂಬಡಿಕೆಯ ಹೀಬ್ರೂ ಪದ ‘ಲೇವ್’ ಹೀಗೆ ಪಾಲಾಗಿಲ್ಲ. ಸಂತೋಷ, ದುಃಖ ಅಲ್ಲಿವೆ, ನಿಜ. ಆದರೆ ಯೋಚಿಸುವುದು, ನೆನಪಿಡುವುದು, ತೀರ್ಮಾನಿಸುವುದು ಕೂಡ ಅಲ್ಲೇ. ಪಟ್ಟಕ್ಕೆ ಬಂದ ಸೊಲೊಮೋನ ‘ಕೇಳುವ ಹೃದಯ’ ಕೊಡು ಎಂದು ಬೇಡಿದ್ದು ಭಾವುಕನಾಗಲು ಅಲ್ಲ, ಜನರ ವ್ಯಾಜ್ಯ ತೀರಿಸಲು. ಮನ ಮಿಡಿಯುವ ಸಂದರ್ಭಕ್ಕೆ ಹೀಬ್ರೂ ಜನ ಹಲವು ಸಲ ಕರುಳನ್ನು ಕರೆಯುತ್ತಿದ್ದರು, ನಾವು ‘ಕರುಳು ಚುರುಕ್ ಎಂದಿತು’ ಎನ್ನುವ ಹಾಗೆಯೇ. ಲೇವ್‌ಗೆ ಹತ್ತಿರದ ಕನ್ನಡ ಬೇಕಿದ್ದರೆ ‘ಮನಸ್ಸು ಮಾಡು’ ಎನ್ನುವಾಗಿನ ಮನಸ್ಸು. ‘ಅವನು ಮನಸ್ಸು ಮಾಡಿದರೆ ಆಗುತ್ತದೆ’ ಎಂದಾಗ ನಾವು ಅವನ ಕಣ್ಣೀರಿನ ಮಾತಾಡುತ್ತಿಲ್ಲ. ಅವನು ಯಾವ ಕಡೆಗೆ ತಿರುಗುತ್ತಾನೆ ಎಂಬುದರ ಮಾತಾಡುತ್ತಿದ್ದೇವೆ. ಹೊಸ ಹೃದಯ ಎಂದರೆ ಆ ತಿರುಗುವ ಜಾಗ ಹೊಸದಾಗುವುದು. ಕಣ್ಣೀರು ಬಂದರೆ ಬರಲಿ, ಒಳ್ಳೆಯದೇ. ಆದರೆ ಎರಡು ವರ್ಷದಿಂದ ನೀವು ಹಿಡಿದಿರುವ ಅಳತೆಗೋಲು ಆ ಜಾಗವನ್ನು ಅಳೆಯುವುದಿಲ್ಲ.

‘ದೇವರ ಕೆಲಸವೋ, ನನ್ನದೋ?’ ಎಂದು ಕೇಳಿದ್ದೀರಿ. ಸತ್ಯವೇದ ಇದಕ್ಕೆ ಎರಡು ಉತ್ತರ ಕೊಟ್ಟು, ಅವುಗಳ ನಡುವೆ ರಾಜಿ ಮಾಡಿಸುವ ಗೋಜಿಗೆ ಹೋಗಿಲ್ಲ. ‘ಹೊಸ ಹೃದಯವನ್ನು ಕೊಡುವೆನು’ ಎಂದ ಅದೇ ಯೆಹೆಜ್ಕೇಲನ ಪುಸ್ತಕದಲ್ಲಿ, 18ನೇ ಅಧ್ಯಾಯದಲ್ಲಿ, ‘ಹೊಸ ಹೃದಯವನ್ನು ಮಾಡಿಕೊಳ್ಳಿರಿ’ ಎಂಬ ಆಜ್ಞೆ ಇದೆ. ಧರ್ಮೋಪದೇಶಕಾಂಡದ 10ನೇ ಅಧ್ಯಾಯ ‘ನಿಮ್ಮ ಹೃದಯಕ್ಕೆ ಸುನ್ನತಿ ಮಾಡಿಕೊಳ್ಳಿರಿ’ ಎಂದರೆ, 30ನೇ ಅಧ್ಯಾಯ ‘ನಿನ್ನ ದೇವರು ನಿನ್ನ ಹೃದಯಕ್ಕೆ ಸುನ್ನತಿ ಮಾಡುವನು’ ಎನ್ನುತ್ತದೆ. ಸಭೆ ಈ ಗಂಟಿನ ಮೇಲೆ ಶತಮಾನಗಟ್ಟಲೆ ವಾದ ಮಾಡಿದೆ. ಐದನೇ ಶತಮಾನದಲ್ಲಿ, ದೇವರ ಕೃಪೆಯೇ ಮೊದಲು ಎಂದ ಆಗಸ್ಟೀನ್ ಮತ್ತು ಮನುಷ್ಯನ ಸ್ವಂತ ಸಂಕಲ್ಪಕ್ಕೆ ಒತ್ತು ಕೊಟ್ಟ ಪೆಲೇಜಿಯಸ್ ನಡುವೆ ನಡೆದದ್ದು ಇದೇ ಜಗಳ. ತಿರುಗಿಕೊಳ್ಳುವ ಮೊದಲ ಮನಸ್ಸು ಕೂಡ ಕೃಪೆಯಿಂದಲೇ ಬರುತ್ತದೆ ಎಂದು 529ರಲ್ಲಿ ಆರೆಂಜ್ ಎಂಬಲ್ಲಿ ಸೇರಿದ ಸಭಾಧ್ಯಕ್ಷರ ಕೂಟ ತೀರ್ಮಾನ ಕೊಟ್ಟಿತು. ನಾನು ಆ ಪಕ್ಷದವನು. ಆದರೆ ನಿಮಗೆ ವಾದ ಬೇಡ, ಬೆಳಗ್ಗೆ ಎದ್ದು ಏನು ಮಾಡಬೇಕು ಎಂಬುದು ಬೇಕು.

ನಿದ್ದೆಯನ್ನು ನೆನೆಯಿರಿ. ‘ನಿದ್ದೆ ಮಾಡು’ ಎನ್ನುತ್ತೇವೆ, ‘ನಿದ್ದೆ ಬಂತು’ ಎಂದೂ ಎನ್ನುತ್ತೇವೆ. ಮಾಡುವುದೂ ಅದೇ, ಬರುವುದೂ ಅದೇ. ದೀಪ ಆರಿಸುವುದು, ಮಲಗುವುದು, ಕಣ್ಣು ಮುಚ್ಚುವುದು ನಮ್ಮ ಕೈಯಲ್ಲಿದೆ, ಆಮೇಲಿನದು ಬರಬೇಕು. ‘ಈಗ ನಿದ್ದೆ ಬಂತೇ, ಈಗ ಬಂತೇ’ ಎಂದು ನೋಡುತ್ತ ಮಲಗಿದವನಿಗೆ ಅದು ಬರುವುದಿಲ್ಲ. ಪೌಲ ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಮನಸ್ಸು ನೂತನವಾಗುವುದರ ಬಗ್ಗೆ ಬರೆಯುವಾಗ ಬಳಸಿದ ಕ್ರಿಯಾಪದ ಇದೇ ಜಾತಿಯದು. ಅದು ಆಜ್ಞೆ, ಆದರೆ ಕರ್ಮಣಿಯಲ್ಲಿದೆ, ವರ್ತಮಾನದಲ್ಲಿದೆ. ಬಿಡಿಸಿ ಹೇಳುವುದಾದರೆ, ‘ನಿಮ್ಮನ್ನು ರೂಪಾಂತರಿಸಲು ಬಿಡುತ್ತಾ ಇರಿ.’ ಬೆಟ್ಟದ ಮೇಲೆ ಯೇಸುವಿನ ಮುಖ ಹೊಳೆದಾಗ ಮತ್ತಾಯ, ಮಾರ್ಕ ಬಳಸಿದ ಪದವೂ ಇದೇ. ಹೊಸ ವರ್ಷದ ತೀರ್ಮಾನ ವಾರದಲ್ಲಿ ಬಿದ್ದುಹೋಗಲು ನಿಮ್ಮ ಸಂಕಲ್ಪದ ಬಡತನ ಕಾರಣವಲ್ಲ. ‘ಬರುವ’ ಭಾಗವನ್ನೂ ನೀವೇ ‘ಮಾಡಲು’ ಹೊರಟಿದ್ದಿರಿ.

ಮಾಡುವ ಭಾಗ ಯಾವುದು ಹಾಗಾದರೆ? ಅದಕ್ಕೆ ಅರಸ ದಾವೀದನ ಹತ್ತಿರ ಹೋಗಬೇಕು. ಶುದ್ಧ ಹೃದಯವನ್ನು ನಿರ್ಮಿಸು ಎಂಬ ಪ್ರಾರ್ಥನೆ ಇರುವ 51ನೇ ಕೀರ್ತನೆಯ ತಲೆಬರಹವೇ ಹಿನ್ನೆಲೆ ಹೇಳುತ್ತದೆ: ಇನ್ನೊಬ್ಬನ ಹೆಂಡತಿ ಬತ್ಷೆಬೆಯನ್ನು ಅವನು ಕೂಡಿದ ವಿಷಯ, ಪ್ರವಾದಿ ನಾತಾನನ ಭೇಟಿ. ಸಮುವೇಲನ ಎರಡನೇ ಪುಸ್ತಕದಲ್ಲಿ ದಿನ ಎಣಿಸಿ ನೋಡಿ. ನಾತಾನ ಬರುವ ಹೊತ್ತಿಗೆ ಮಗು ಹುಟ್ಟಿಯಾಗಿದೆ. ಅಂದರೆ ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಗೆ ತಳ್ಳಿ ಕೊಲ್ಲಿಸಿ ತಿಂಗಳುಗಳೇ ಕಳೆದಿವೆ. ಅಷ್ಟು ದಿನ ಅರಸ ಸುಮ್ಮನಿದ್ದ, ರಾಜ್ಯಭಾರ ನಡೆದೇ ಇತ್ತು. ನಾತಾನ ಒಂದು ಕಥೆ ಹೇಳುತ್ತಾನೆ: ಬಡವನಿಗಿದ್ದದ್ದು ಒಂದೇ ಕುರಿಮರಿ, ಅವನ ಬಟ್ಟಲಿನಲ್ಲೇ ಕುಡಿಯುತ್ತಿತ್ತು, ಮಡಿಲಲ್ಲಿ ಮಲಗುತ್ತಿತ್ತು, ಮಂದೆಗಳಿದ್ದ ಶ್ರೀಮಂತ ಅದನ್ನೇ ಹಿಡಿದು ತನ್ನ ಅತಿಥಿಗೆ ಅಡುಗೆ ಮಾಡಿಸಿದ. ದಾವೀದ ಕೆಂಡವಾಗುತ್ತಾನೆ. ಒಂದಕ್ಕೆ ನಾಲ್ಕು ಕೊಡಬೇಕು ಎಂದು ತೀರ್ಪು ಕೊಡುತ್ತಾನೆ. ಕದ್ದ ಕುರಿಗೆ ನಾಲ್ಕರಷ್ಟು ಎಂದು ವಿಮೋಚನಕಾಂಡದ ನಿಯಮ ಹೇಳುತ್ತದೆ; ಅರಸನಿಗೆ ಅದು ಬಾಯಿಪಾಠ. ಭಾವನೆಗೆ ಬರವಿಲ್ಲ, ಕಟ್ಟಳೆಯ ಜ್ಞಾನಕ್ಕೂ ಬರವಿಲ್ಲ. ಕುರಿಮರಿಗಾಗಿ ಕರುಳು ಮರುಗುತ್ತಿರುವಾಗ ಊರೀಯ ಮಣ್ಣಿನಡಿಯಲ್ಲಿದ್ದಾನೆ.

ಇಲ್ಲಿ ನನ್ನದೂ ಒಂದು ಹೇಳಿಬಿಡುತ್ತೇನೆ. ಸೇವೆಗೆ ಬಂದು ಎಂಟು ವರ್ಷವಾಗಿರಬೇಕು. ತಪಸ್ಸುಕಾಲದ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ, ಕೂಟದಲ್ಲಿ ಇದೇ ಕೀರ್ತನೆಯ ಮೇಲೆ ನನ್ನ ಪ್ರಸಂಗ. ಮೂರನೇ ಸಾಲಿನಲ್ಲಿದ್ದ ವಯಸ್ಸಾದ ತಾಯಿಯೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನಗೂ ಗಂಟಲು ಕಟ್ಟಿತು. ಅದೇ ಕ್ಷಣದಲ್ಲಿ ಒಳಗೊಂದು ಲೆಕ್ಕ ಓಡುತ್ತಿತ್ತು: ಹೋದ ವಾರ ಇದೇ ಜಾಗದಲ್ಲಿ ನಿಂತು ಮಾತಾಡಿದ ಜೊತೆಗಾರ ಬೋಧಕನಿಗೆ ಇಷ್ಟು ಜನ ಅತ್ತಿದ್ದರೇ? ಅವನಿಗೂ ನನಗೂ ಒಂದು ಹಳೆಯ ವೈಮನಸ್ಸು. ಅವನು ಹೇಳಿದನೆಂದು ಯಾರೋ ಹೇಳಿದ ಒಂದು ಮಾತಿನಿಂದ ಶುರುವಾದದ್ದು. ಗಂಟಲು ಕಟ್ಟಿದ್ದು ನಾಟಕವಲ್ಲ. ಲೆಕ್ಕವೂ ನಾಟಕವಲ್ಲ. ಮನೆಗೆ ಬಂದು ಕೀರ್ತನೆಯನ್ನು ಮತ್ತೆ ತೆರೆದರೆ ಕಣ್ಣಿಗೆ ಬಿದ್ದದ್ದು ಆ ಸಂಜೆ ನಾನು ಹಾರಿಸಿಬಿಟ್ಟಿದ್ದ ಆರನೇ ವಚನ: ದೇವರು ಸತ್ಯವನ್ನು ಅಪೇಕ್ಷಿಸುವುದು ಒಳಗಣ ಭಾಗದಲ್ಲಿ.

ಆ ಕೀರ್ತನೆಯ ಪದಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಎರಡನೇ ವಚನದಲ್ಲಿ ‘ನನ್ನನ್ನು ತೊಳೆ’ ಎಂದು ನಾವು ಓದುವ ಜಾಗದಲ್ಲಿರುವ ಹೀಬ್ರೂ ಪದ ಮೈ ತೊಳೆಯಲು ಬಳಸುವುದಲ್ಲ. ಅದು ಬಟ್ಟೆಯ ಪದ, ತುಳಿದು ಕುಕ್ಕಿ ಕೊಳೆ ಬಿಡಿಸುವುದಕ್ಕೆ ಹೇಳುವಂಥದ್ದು. ಕನ್ನಡಕ್ಕೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು: ಕೈ ತೊಳೆಯುತ್ತೇವೆ, ಬಟ್ಟೆ ಒಗೆಯುತ್ತೇವೆ. ದಾವೀದ ಬೇಡುತ್ತಿರುವುದು ‘ನನ್ನನ್ನು ಒಗೆ’ ಎಂದು. ಹಾಗೆ ಬೇಡುವವನು ಕಲ್ಲಿನ ಮೇಲೆ ಬೀಳಲು ಒಪ್ಪಿರಬೇಕು. ಹತ್ತನೇ ವಚನದ ‘ನಿರ್ಮಿಸು’ ಎಂಬುದಕ್ಕೆ ‘ಬಾರಾ’ ಎಂಬ ಪದವಿದೆ. ಆದಿಕಾಂಡದ ಮೊದಲ ವಾಕ್ಯದಲ್ಲಿ ಆಕಾಶ ಭೂಮಿ ಸೃಷ್ಟಿಯಾದ ಪದ ಅದು. ‘ಸೃಷ್ಟಿಸು’ ಎಂಬ ಈ ಅರ್ಥದಲ್ಲಿ ಹೀಬ್ರೂ ಸತ್ಯವೇದ ಅದಕ್ಕೆ ದೇವರನ್ನಲ್ಲದೆ ಬೇರೆ ಕರ್ತೃವನ್ನು ಕೊಡುವುದಿಲ್ಲ. ಇರುವ ಹೃದಯವನ್ನು ರಿಪೇರಿ ಮಾಡಿಕೊಡು ಎಂಬ ಕೋರಿಕೆ ಅದಲ್ಲ. ದಾವೀದ ತನ್ನ ಪಾಲಿನದೆಂದು ಇಟ್ಟುಕೊಂಡದ್ದು ಒಂದೇ. ಮೂರನೇ ವಚನ ನೋಡಿ: ‘ನನ್ನ ದ್ರೋಹಗಳನ್ನು ನಾನೇ ಬಲ್ಲೆನು.’ ಬಾಯಿ ತೆರೆದು, ಹೆಸರಿಟ್ಟು ಹೇಳುವುದು. ಮಾಡುವ ಭಾಗ ಅದು.

ಈ ಮಾತು ಇನ್ನೂ ಮುಂದಕ್ಕೆ ಹೋಗಬೇಕು, ಆದರೆ ನಡುವೆ ನಿಮ್ಮ ‘ಒಳಗೆ ಏನೂ ಇಲ್ಲ’ ಎಂಬುದಕ್ಕೆ ಕೆಲವು ಸಹಪ್ರಯಾಣಿಕರನ್ನು ತೋರಿಸಬೇಕು. ಒಬ್ಬರೇ ಇದ್ದೀರಿ ಎಂಬ ಭಾವನೆಯೇ ಅರ್ಧ ಭಾರ.

ಮೆಥಡಿಸ್ಟ್ ಸಭೆಗೆ ಬುನಾದಿ ಹಾಕಿದ ಜಾನ್ ವೆಸ್ಲಿಯ ಹೆಸರು ಕೇಳಿರುತ್ತೀರಿ. 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟ. ರೋಮಾಪುರದವರ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾರೆ. ಒಂಬತ್ತಕ್ಕೆ ಸುಮಾರು ಕಾಲು ಗಂಟೆ ಇರುವಾಗ ತನ್ನ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು ಎಂದು ವೆಸ್ಲಿ ದಿನಚರಿಯಲ್ಲಿ ಬರೆದ. ಎಷ್ಟೋ ಪ್ರಸಂಗಗಳು ಇಲ್ಲಿಗೇ ನಿಲ್ಲುತ್ತವೆ. ದಿನಚರಿ ನಿಲ್ಲುವುದಿಲ್ಲ. ಅದೇ ರಾತ್ರಿ ಮನೆಗೆ ಬಂದ ಮೇಲೆ ಶೋಧನೆಗಳು ಮೇಲೆ ಬಿದ್ದವು ಎಂದಿದೆ. ಏಳು ತಿಂಗಳು ಕಳೆದು, 1739ರ ಜನವರಿ ಮೊದಲ ವಾರದಲ್ಲಿ, ತಾನು ಈಗಲೂ ಕ್ರೈಸ್ತನಲ್ಲ ಎಂದೇ ಬರೆದುಕೊಳ್ಳುತ್ತಾನೆ, ಪ್ರೀತಿ ಸಮಾಧಾನ ಸಂತೋಷ ತನ್ನಲ್ಲಿ ಕಾಣುತ್ತಿಲ್ಲ ಎಂದು. ಅವನು ಬಯಲಿನಲ್ಲಿ ಸಾವಿರಾರು ಜನರಿಗೆ ಸಾರಲು ಹೊರಟದ್ದು ಅದಾದ ಮೂರು ತಿಂಗಳಿಗೆ. ಬೆಚ್ಚಗಾದದ್ದು ಸುಳ್ಳಲ್ಲ, ಆದರೆ ಅವನು ಕೆಲಸ ಮಾಡಿದ್ದು ಆ ಕಾವಿನ ಮೇಲಲ್ಲ.

ಇನ್ನೊಬ್ಬರು, ಈಜಿಪ್ಟಿನ ಮರುಭೂಮಿಯ ಸನ್ಯಾಸಿ ಎವಾಗ್ರಿಯಸ್, ತೀರಿಕೊಂಡದ್ದು 399ರಲ್ಲಿ. ಮಧ್ಯಾಹ್ನದ ಹೊತ್ತು ಸನ್ಯಾಸಿಯ ಮೇಲೆ ಎರಗುವ ಒಂದು ಬಗೆಯ ಜಡತ್ವವನ್ನು ಅವನು ವರ್ಣಿಸುವ ರೀತಿಗೆ ನಗು ಬರುತ್ತದೆ. ಸೂರ್ಯ ಕದಲುವುದೇ ಇಲ್ಲ, ದಿನಕ್ಕೆ ಐವತ್ತು ಗಂಟೆ ಅನ್ನಿಸುತ್ತದೆ. ಕಿಟಕಿಗೆ ಹೋಗುತ್ತಾನೆ, ಊಟದ ಹೊತ್ತಿಗೆ ಇನ್ನೆಷ್ಟಿದೆ ಎಂದು ಬಿಸಿಲು ನೋಡುತ್ತಾನೆ, ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕುತ್ತಾನೆ, ಬೇರೆ ಜಾಗಕ್ಕೆ ಹೋದರೆ ದೇವರನ್ನು ಮೆಚ್ಚಿಸುವುದು ಸುಲಭ ಎಂದುಕೊಳ್ಳುತ್ತಾನೆ. ಸಾವಿರದ ಆರುನೂರು ವರ್ಷದ ಹಿಂದಿನದು. ಈಗ ಕಿಟಕಿಯ ಜಾಗದಲ್ಲಿ ಫೋನಿನ ಪರದೆ ಇದೆ, ಅಷ್ಟೇ ವ್ಯತ್ಯಾಸ. ಅವನ ಮದ್ದು ಸರಳ: ಕೋಣೆ ಬಿಟ್ಟು ಏಳಬೇಡ.

ಯೇಸುಸಭೆಯನ್ನು ಸ್ಥಾಪಿಸಿದ ಇಗ್ನೇಷಿಯಸ್ ಲೊಯೊಲಾ ಇದನ್ನೇ ನಿಯಮವಾಗಿ ಬರೆದಿಟ್ಟ. ಒಣ ಕಾಲದಲ್ಲಿ ಹಿಂದಿನ ಒಳ್ಳೆಯ ತೀರ್ಮಾನವನ್ನು ಬದಲಿಸಬೇಡ. ಒಂದು ಗಂಟೆ ಪ್ರಾರ್ಥಿಸುವ ರೂಢಿಯಿದ್ದರೆ ಗಂಟೆ ತುಂಬಿಸು, ಆಮೇಲೆ ಇನ್ನು ಸ್ವಲ್ಪ ಹೊತ್ತು ಕೂರು. ಒಣಗುವುದಕ್ಕೆ ಅವನು ಕೊಟ್ಟ ಕಾರಣ ಮೂರು: ನಮ್ಮ ಅಸಡ್ಡೆ, ಪ್ರತಿಫಲವಿಲ್ಲದೆಯೂ ಎಷ್ಟು ದೂರ ಬರುತ್ತೇವೆ ಎಂಬ ಪರೀಕ್ಷೆ, ಇಲ್ಲಿಯವರೆಗಿನ ಸಿಹಿ ನಮ್ಮ ಸಂಪಾದನೆಯಲ್ಲ, ವರ ಎಂಬ ತಿಳಿವಳಿಕೆ. ಮೂರರಲ್ಲಿ ಒಂದು ಮಾತ್ರ ನಮ್ಮ ತಪ್ಪು. ‘ಒಣಗಿದ್ದೀಯಾ? ಹಾಗಾದರೆ ಪಾಪ ಎಲ್ಲಿದೆ ಹುಡುಕು’ ಎಂದು ಕಣ್ಣು ಮುಚ್ಚಿ ಹೇಳುವವರು ಯೋಬನ ಸ್ನೇಹಿತರ ಸಾಲಿಗೆ ಸೇರುತ್ತಾರೆ, ಮತ್ತು ಆ ಸ್ನೇಹಿತರ ಬಗ್ಗೆ ದೇವರು ಕೊನೆಯಲ್ಲಿ ಒಳ್ಳೆಯ ಮಾತಾಡಲಿಲ್ಲ.

ದೇಹದ ಬಗ್ಗೆಯೂ ಒಂದು ಪ್ರಶ್ನೆ, ನೀವು ಬರೆದಿಲ್ಲವಾದ್ದರಿಂದ ಕೇಳುತ್ತೇನೆ. ನಿದ್ದೆ ಹೇಗಿದೆ? ಹಸಿವು? ಪ್ರಾರ್ಥನೆಯಲ್ಲಷ್ಟೇ ಅಲ್ಲ, ಮಕ್ಕಳ ಆಟ, ಗೆಳೆಯರ ಮಾತು, ಇಷ್ಟದ ಕೆಲಸ ಯಾವುದರಲ್ಲೂ ರುಚಿ ಇಲ್ಲದೆ ದಿನವಿಡೀ ಕುಗ್ಗಿರುವುದು ಎರಡು ವಾರ ಮೀರಿ ನಡೆದಿದ್ದರೆ ವೈದ್ಯರನ್ನು ಕಾಣಿ. ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ, ಚಿಕಿತ್ಸೆ ಪಡೆಯುವುದು ಅವಿಶ್ವಾಸವಲ್ಲ. ಸಾಯುವ ಯೋಚನೆ ಬರುತ್ತಿದ್ದರೆ ಇವತ್ತೇ ಹೋಗಿ, ಒಬ್ಬರೇ ಹೋಗಬೇಡಿ. ಪ್ರವಾದಿ ಎಲೀಯ ಜಾಲಿಯ ಕೆಳಗೆ ಕೂತು ‘ಸಾಕು, ಪ್ರಾಣ ತೆಗೆದುಕೋ’ ಎಂದಾಗ ದೇವದೂತ ಪ್ರಸಂಗ ಮಾಡಲಿಲ್ಲ. ಮುಟ್ಟಿ ಎಬ್ಬಿಸಿದ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಪಾತ್ರೆಯಲ್ಲಿ ನೀರು. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ತಿನ್ನಿಸಿದ. ಹೋರೇಬ್ ಬೆಟ್ಟ, ಮೆಲುದನಿ, ಮುಂದಿನ ಕೆಲಸ ಎಲ್ಲ ಆಮೇಲಿನದು.

ಇದೆಲ್ಲ ಸರಿಯಿದ್ದು ಬರೀ ಆರಾಧನೆಯಲ್ಲೇ ಒಣಗಿದ್ದೀರಿ ಎಂದಿಟ್ಟುಕೊಂಡು ಮುಂದೆ ಹೇಳುತ್ತೇನೆ. ಪ್ರಾರ್ಥನೆಯ ಹೊತ್ತನ್ನು ಕಡಿಮೆ ಮಾಡಬೇಡಿ, ಹೆಚ್ಚಿಸುವ ಶಪಥವನ್ನೂ ಮಾಡಬೇಡಿ. ಸ್ವಂತ ಮಾತು ಬರದಿದ್ದರೆ ದಿನಕ್ಕೊಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿ. 13, 42, 88 ಇಂಥ ಕಾಲಕ್ಕೇ ಇವೆ. 88ನೆಯದು ಕತ್ತಲೆ ಎಂಬ ಪದದಲ್ಲೇ ಮುಗಿಯುತ್ತದೆ, ಆದರೂ ಅದನ್ನು ಸತ್ಯವೇದದಿಂದ ಯಾರೂ ತೆಗೆಯಲಿಲ್ಲ. ಮಲಗುವ ಮುಂಚೆ ಐದು ನಿಮಿಷ ದಿನವನ್ನು ಹಿಂದಕ್ಕೆ ತಿರುಗಿ ನೋಡಿ. ‘ನಾನು ಪಾಪಿ’ ಎಂಬ ಸಗಟು ನಿವೇದನೆ ಬಿಟ್ಟು, ಇಷ್ಟು ಹೊತ್ತಿಗೆ ಇಂಥವರಿಗೆ ಈ ಮಾತು ಆಡಿದೆ ಎಂದು ಚಿಲ್ಲರೆಯಾಗಿ ಹೇಳಿ. ಹೃದಯ ಸಗಟು ಲೆಕ್ಕದಲ್ಲಿ ಬಚ್ಚಿಟ್ಟುಕೊಳ್ಳುತ್ತದೆ. ಮತ್ತು ಕಣ್ಣೀರು ಬಂತೇ ಎಂದು ನೋಡುವುದನ್ನು ಸ್ವಲ್ಪ ಕಾಲ ನಿಲ್ಲಿಸಿ.

ಈಗ ‘ಇದಕ್ಕೆ ಸಂಬಂಧವಿಲ್ಲ’ ಎಂದು ಬರೆದ ಕೊನೆಯ ಮಾತು. ನಿಮ್ಮ ಬರಡುತನಕ್ಕೆ ಅಣ್ಣನೊಂದಿಗಿನ ಜಗಳವೇ ಕಾರಣ ಎಂದು ನಾನು ಹೇಳುವುದಿಲ್ಲ. ಮಾತು ಬಿಟ್ಟು ಆರು ವರ್ಷ, ಒಣಗಿ ಎರಡು ವರ್ಷ, ತಾಳೆಯಾಗುವುದಿಲ್ಲ. ಬಹುಶಃ ಮೊದಲ ನಾಲ್ಕು ವರ್ಷ ಅಣ್ಣನನ್ನು ಹೊರಗಿಟ್ಟುಕೊಂಡೇ ಕಣ್ಣಲ್ಲಿ ನೀರು ತಂದು ಹಾಡಿದ್ದೀರಿ. ಅದನ್ನು ನೆನೆದರೆ ಕಣ್ಣೀರಿನ ಬೆಲೆ ನಿಮಗೇ ಗೊತ್ತಾಗುತ್ತದೆ. ಬರೆದದ್ದಂತೂ ನೀವೇ. ಇಡೀ ಪತ್ರದಲ್ಲಿ ನಿಮ್ಮ ಹೊರತಾಗಿ ಇನ್ನೊಬ್ಬ ಮನುಷ್ಯ ಕಾಣಿಸಿಕೊಳ್ಳುವುದು ಅಲ್ಲಿ ಮಾತ್ರ.

ರೋಮಾಪುರದವರ ಪತ್ರದ 12ನೇ ಅಧ್ಯಾಯವನ್ನು ಎರಡನೇ ವಚನಕ್ಕೆ ನಿಲ್ಲಿಸದೆ ಓದಿ. ಮನಸ್ಸು ನೂತನವಾಗುವುದರಿಂದ ಶುರುವಾದದ್ದು 18ನೇ ವಚನಕ್ಕೆ ಬರುವಾಗ ‘ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ ಎಲ್ಲರೊಂದಿಗೆ ಸಮಾಧಾನವಾಗಿರಿ’ ಎನ್ನುತ್ತದೆ. 20ಕ್ಕೆ ವೈರಿಯ ಹಸಿವಿಗೆ ಅನ್ನ, ಬಾಯಾರಿಕೆಗೆ ನೀರು. ಹೊಸ ಮನಸ್ಸು ಹದಿನೆಂಟು ವಚನ ನಡೆದು ತಲುಪುವ ಜಾಗ ಒಬ್ಬ ವೈರಿಯ ಊಟದ ತಟ್ಟೆ. ‘ಸಾಧ್ಯವಾದರೆ’, ‘ನಿಮ್ಮಿಂದಾಗುವ ಮಟ್ಟಿಗೆ’ ಎಂಬ ಎರಡು ಬಾಗಿಲುಗಳನ್ನು ಪೌಲ ತೆರೆದೇ ಇಟ್ಟಿದ್ದಾನೆ. ಕ್ಷಮಿಸುವುದೆಂದರೆ ಪತ್ರಗಳಿಗೆ ಕಣ್ಣು ಮುಚ್ಚಿ ಸಹಿ ಹಾಕುವುದಲ್ಲ. ಆಸ್ತಿಯ ಲೆಕ್ಕ ವಕೀಲರ ಮುಂದೆ, ಹಿರಿಯರ ಮುಂದೆ ನ್ಯಾಯವಾಗಿ ನಡೆಯಲಿ. ಲೆಕ್ಕ ಬೇರೆ, ಆರು ವರ್ಷದ ಮೌನ ಬೇರೆ.

ಮತ್ತಾಯನ ಐದನೇ ಅಧ್ಯಾಯದ ಮಾತೂ ನಿಮಗೆ ಗೊತ್ತು: ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಹೋಗಿ ಸಹೋದರನೊಂದಿಗೆ ಮೊದಲು ಒಂದಾಗು. ಅಲ್ಲಿ ‘ನಿನಗೆ ಅವನ ಮೇಲೆ ಏನಾದರೂ ಇದ್ದರೆ’ ಎಂದಿಲ್ಲ. ಅದು ಮಾರ್ಕನ 11ನೇ ಅಧ್ಯಾಯ. ಇಲ್ಲಿರುವುದು ‘ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ’ ಎಂದು. ಕೇಳುತ್ತಿದ್ದವರು ಗಲಿಲಾಯದಲ್ಲಿದ್ದರು, ಯಜ್ಞವೇದಿ ಯೆರೂಸಲೇಮಿನಲ್ಲಿ, ನಡುವೆ ಸುಮಾರು ಮೂರು ದಿನದ ನಡಿಗೆ. ಕಾಣಿಕೆಯನ್ನು ಅಲ್ಲೇ ಬಿಟ್ಟು, ಊರಿಗೆ ಹೋಗಿ, ಮಾತಾಡಿ, ಮತ್ತೆ ಬರಬೇಕು. ನಿಮಗೆ ಒಂದು ಫೋನ್ ಕರೆ.

ಯೇಸುವಿನ ಶಿಷ್ಯ ಪೇತ್ರನನ್ನೂ ನೋಡಿ. ಮಹಾಯಾಜಕನ ಅಂಗಳದಲ್ಲಿ ಅವನು ‘ನಾನು ಅವನ ಶಿಷ್ಯನಲ್ಲ’ ಎಂದದ್ದು ಇದ್ದಲಿನ ಬೆಂಕಿಯ ಪಕ್ಕದಲ್ಲಿ ಚಳಿ ಕಾಯಿಸಿಕೊಳ್ಳುತ್ತ. ‘ಇದ್ದಲಿನ ಬೆಂಕಿ’ಗೆ ಅಲ್ಲಿರುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ, ಯೋಹಾನನ 21ನೇ ಅಧ್ಯಾಯದಲ್ಲಿ: ಎದ್ದುಬಂದ ಯೇಸು ಸರೋವರದ ದಡದಲ್ಲಿ ಇದ್ದಲಿನ ಬೆಂಕಿ ಹಾಕಿ ಮೀನು ಸುಟ್ಟಿದ್ದಾನೆ. ಊಟ ಮುಗಿದ ಮೇಲೆ ಮೂರು ಸಲ ಕೇಳುತ್ತಾನೆ, ‘ನನ್ನನ್ನು ಪ್ರೀತಿಸುತ್ತೀಯೋ?’ ಮೂರನೆಯದಕ್ಕೆ ಪೇತ್ರನಿಗೆ ದುಃಖವಾಯಿತು. ಪ್ರತಿ ಉತ್ತರಕ್ಕೂ ಯೇಸು ಹೇಳಿದ್ದು ಕುರಿಗಳನ್ನು ನೋಡಿಕೋ ಎಂದು. ಹಳೆಯ ಬೆಂಕಿಯ ವಾಸನೆಯನ್ನು ತಪ್ಪಿಸಿ ಬೇರೆ ದಾರಿಯಲ್ಲಿ ಕರೆದೊಯ್ಯಬಹುದಿತ್ತು. ಕರೆದೊಯ್ಯಲಿಲ್ಲ.

ಅಣ್ಣನಿಗೆ ಏನು ಹೇಳಬೇಕು ಎಂದು ನೀವು ಕೇಳುತ್ತೀರಿ. ಭಾಷಣ ಬೇಡ, ವಚನವಂತೂ ಖಂಡಿತ ಬೇಡ, ‘ನೀನೂ ತಪ್ಪು ಮಾಡಿದ್ದೀಯ’ ಎಂಬ ಬಾಲವೂ ಬೇಡ. ‘ಆರು ವರ್ಷ ಮಾತಾಡದೆ ಇದ್ದೆ, ಅದು ನನ್ನ ತಪ್ಪು. ಹೇಗಿದ್ದೀಯ ಅಣ್ಣ?’ ಇಷ್ಟು ಸಾಕು. ಕರೆ ಮಾಡುವಾಗ ಪ್ರೀತಿ ಉಕ್ಕಿ ಬರಬೇಕೆಂದು ಕಾಯಬೇಡಿ. ಪ್ರಕಟನೆಯ ಎರಡನೇ ಅಧ್ಯಾಯದಲ್ಲಿ ಎಫೆಸದ ಸಭೆಗೆ ‘ಮೊದಲಿದ್ದ ಪ್ರೀತಿಯನ್ನು ಬಿಟ್ಟಿದ್ದೀ’ ಎಂದ ಮೇಲೆ ಕೊಟ್ಟ ಅಪ್ಪಣೆ ಮೊದಲಿನಂತೆ ಅನುಭವಿಸು ಎಂದಲ್ಲ. ನೆನಪು ಮಾಡಿಕೋ, ತಿರುಗಿಕೋ, ಮೊದಲು ಮಾಡುತ್ತಿದ್ದ ಕೃತ್ಯಗಳನ್ನು ಮಾಡು ಎಂದು. ಕೈ ನಡುಗಲಿ, ದನಿ ಒಣಗಿರಲಿ.

ಅವರು ಕರೆ ತೆಗೆಯದೆಯೂ ಇರಬಹುದು. ನಾನು ಆ ಜೊತೆಗಾರ ಬೋಧಕನಿಗೆ ಫೋನ್ ಮಾಡಿದ್ದು ತಪಸ್ಸುಕಾಲ ಮುಗಿಯಲು ಮೂರು ದಿನ ಇರುವಾಗ. ನನ್ನ ವಾಕ್ಯ ಪೂರ್ತಿಯಾಗುವ ಮೊದಲೇ ಅವನು ‘ಸ್ವಲ್ಪ ಕೆಲಸದಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ’ ಎಂದ. ಮಾಡಲಿಲ್ಲ. ನಾಲ್ಕು ತಿಂಗಳ ಮೇಲೆ, ಯಾರದೋ ಅಂತ್ಯಕ್ರಿಯೆ ಮುಗಿದು ಎಲ್ಲರೂ ಹೊರಡುವ ಹೊತ್ತಿಗೆ, ಮಳೆಗೆ ಕೊಡೆ ಬಿಚ್ಚುತ್ತ ನನ್ನ ಪಕ್ಕ ಬಂದು ನಿಂತ. ‘ಅವತ್ತು ಏನೋ ಹೇಳಲು ಬಂದೆಯಲ್ಲ’ ಎಂದ. ಕೊಡೆಯ ಅರ್ಧ ನನ್ನ ಕಡೆಗೆ ಇತ್ತು.